ಅಂಕಸಮುದ್ರವೋ, ತುಂಗಭದ್ರೆಯ ಹಿನ್ನೀರೋ?

ಕೊಪ್ಪಳದಲ್ಲಿದ್ದು, ಹಕ್ಕಿ ನೋಡಲು ಒಂದೇ ಭಾನುವಾರ ಸಿಗುವವರಿಗೆ ಈ ಮಾತು. ಮೊದಲ ಸಲವಾದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೇ ಹೋಗಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಊರು ಈಗ ವಿಜಯನಗರಕ್ಕೆ ಸೇರಿದೆ. ಕೆರೆ ನೂರು ಹೆಕ್ಟೇರಿನೊಳಗೇ ಇದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ನೀರಿನ ನಡುವೆ ನಿಂತ ಜಾಲಿಮರಗಳೇ ಅದರ ಜೀವ. ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆಗಳು ಆ ಮುಳ್ಳುಕೊಂಬೆಗಳಲ್ಲೇ ಗೂಡು ಕಟ್ಟುತ್ತವೆ. ಸುತ್ತ ನೀರಿರುವುದರಿಂದ ನೆಲದ ಮೇಲಿನ ಬೇಟೆಗಾರ ಪ್ರಾಣಿಗಳು ಮರಿಗಳ ಹತ್ತಿರ ಸುಳಿಯುವುದು ಕಷ್ಟ. ತಾಯಿಹಕ್ಕಿ ಮರಿಗೆ ತುತ್ತು ಕೊಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ದಯವಿಟ್ಟು ಗೂಡಿನ ಕಡೆಗೆ ಮಾತ್ರ ಡ್ರೋನ್ ಹಾರಿಸಬೇಡಿ; ಗಾಬರಿಯಾದ ಹಕ್ಕಿ ಎದ್ದು ಹೋದರೆ ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ.

ಹಿನ್ನೀರಿನ ಸೊಗಸೇ ಬೇರೆ. ಅದು ಕೆರೆಯಲ್ಲ, ಕಣ್ಣಿಗೆ ದಡ ಸಿಗದ ಬಯಲು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, ನೀರು ಇಳಿದಾಗ ರಾಜಹಂಸಗಳೂ ಕಾಣುತ್ತವೆ. ಆದರೆ ಹಕ್ಕಿಗಳು ದೂರವಿರುತ್ತವೆ; ಒಳ್ಳೆಯ ದುರ್ಬೀನು ಇಲ್ಲದೆ ಹೋದರೆ ಬರೀ ಚುಕ್ಕೆಗಳು. ಮಕ್ಕಳನ್ನು ಕರೆದೊಯ್ಯುವುದಾದರೆ ನಾನು ಅಂಕಸಮುದ್ರವನ್ನೇ ಹೇಳುತ್ತೇನೆ.