ರೀಸ್ಲಿಂಗೋ, ಸಿಲ್ವಾನರೋ?

ಜರ್ಮನಿಯ ವೈನ್ ಬಾಟಲಿಯ ಮೇಲೆ ‘ಟ್ರೋಕನ್’ ಎಂದು ಬರೆದಿದ್ದರೆ ‘ಒಣ’ ಎಂದರ್ಥ. ಕುಡಿಯುವ ವಸ್ತು ಒಣಗಿರುವುದು ಹೇಗೆಂದು ವುರ್ಟ್ಸ್‌ಬರ್ಗ್‌ಗೆ ಬಂದ ಹೊಸದರಲ್ಲಿ ನಕ್ಕಿದ್ದೆ. ಸಿಹಿ ತೀರ ಕಡಿಮೆ ಎನ್ನುವುದಷ್ಟೇ ಅದರ ತಾತ್ಪರ್ಯ. ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇರಬಹುದು. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ನಡೆಯುತ್ತದೆ.

ಈ ಸಲ ಮೇ ತಿಂಗಳಲ್ಲಿ ಅಂಥ ಎರಡು ಬಿಳಿ ವೈನ್‌ಗಳನ್ನು ಪಕ್ಕಪಕ್ಕ ಇಟ್ಟು, ಮೂರು ಸಂಜೆ ಮೂರು ಬಗೆಯ ಊಟದೊಂದಿಗೆ ಕುಡಿದು ನೋಡಿದೆ. ಒಂದು ಮೋಸೆಲ್ ಕಣಿವೆಯ ರೀಸ್ಲಿಂಗ್, ಇನ್ನೊಂದು ವುರ್ಟ್ಸ್‌ಬರ್ಗ್ ಇರುವ ನಮ್ಮ ಫ್ರಾಂಕನ್ ಸೀಮೆಯ ಸಿಲ್ವಾನರ್. ಎರಡೂ ದ್ರಾಕ್ಷಿ ತಳಿಯ ಹೆಸರುಗಳೇ. ಬೆಲೆಯಲ್ಲಿ ಹೆಚ್ಚು ಕಡಿಮೆ ಒಂದೇ.

ಊಟಕ್ಕೆ ಮೊದಲು ಬರಿದೇ ರುಚಿ ನೋಡಿದಾಗ ರೀಸ್ಲಿಂಗ್‌ನದೇ ಮೇಲುಗೈ. ಮೋಸೆಲ್‌ನ ದ್ರಾಕ್ಷಿ ಬೆಳೆಯುವುದು ಏಣಿ ಹಾಕಿದಂತಹ ಕಡಿದಾದ ಇಳಿಜಾರಿನ ಪದರಗಲ್ಲಿನ ಮೇಲೆ. ಕಲ್ಲಿನ ರುಚಿ ವೈನಿಗೆ ಇಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕಾವು ಕೊಡುವುದು ಆ ಕಲ್ಲೇ. ಮೂಗಿಗೆ ನಿಂಬೆಸಿಪ್ಪೆ, ಹಸಿರು ಸೇಬು, ಅದರ ಹಿಂದೆ ತೆಳುವಾಗಿ ಸೀಮೆಎಣ್ಣೆ! ತಮಾಷೆಯಲ್ಲ. ಬಾಟಲಿಯಲ್ಲಿ ರೀಸ್ಲಿಂಗ್ ಹಳತಾದಂತೆ ಟಿಡಿಎನ್ ಎಂಬ ಸಂಯುಕ್ತ ಹೆಚ್ಚಿ ಈ ವಾಸನೆ ಬರುತ್ತದೆ. ಬತ್ತಿ ಸ್ಟೌವಿನ ಕಾಲದ ಅಡುಗೆಮನೆ ಕಂಡವರಿಗೆ ಅದು ದೋಷವೆನಿಸಬಹುದು, ನನಗಂತೂ ಹಿತವಾಯಿತು. ಅದರ ಮುಂದೆ ಸಿಲ್ವಾನರ್ ಸಪ್ಪೆ: ಒಂದಿಷ್ಟು ಪೇರ್ ಹಣ್ಣು, ಒಂದಿಷ್ಟು ಒಣಹುಲ್ಲು. ಚಪ್ಪಟೆ ಹೊಟ್ಟೆಯ ‘ಬೋಕ್ಸ್‌ಬಾಯ್ಟೆಲ್’ ಬಾಟಲಿಯೇ ವೈನಿಗಿಂತ ಚೆನ್ನಾಗಿದೆ ಎಂದುಕೊಂಡೆ.

ತಟ್ಟೆ ಬಂದ ಮೇಲೆ ಆಟ ತಿರುಗಿತು. ಮೊದಲ ಸಂಜೆ ಬಿಳಿ ಆಸ್ಪರಾಗಸ್, ಇಲ್ಲಿನವರ ಬಾಯಲ್ಲಿ ‘ಶ್ಪಾರ್ಗೆಲ್’. ನಮ್ಮ ಶತಾವರಿಯ ದಾಯಾದಿ. ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಸುವುದರಿಂದ ಬೆಳ್ಳಗೇ ಉಳಿಯುತ್ತದೆ. ಸಿಪ್ಪೆ ಹೆರೆದು ಬೇಯಿಸಿ, ಜೊತೆಗೆ ಆಲೂಗಡ್ಡೆ, ಮೇಲೆ ಬೆಣ್ಣೆ ಮತ್ತು ಮೊಟ್ಟೆಯ ಹಳದಿಯ ಹೊಲಾಂಡೇಸ್ ಸಾಸ್. ಬಾಳೆದಿಂಡಿನಂತೆ ಸೌಮ್ಯ, ಕೊನೆಯಲ್ಲಿ ಸಣ್ಣ ಕಹಿ. ಈ ಕಹಿಯ ಮೇಲೆ ರೀಸ್ಲಿಂಗ್ ಬಿದ್ದೊಡನೆ ತಾಮ್ರದ ಚೊಂಬು ನೆಕ್ಕಿದಂತಾಯಿತು. ಅದರ ಚೂಪು ಹುಳಿ ಸಾಸಿನ ನಯವನ್ನೂ ಕತ್ತರಿಸಿಹಾಕಿತು. ಸಿಲ್ವಾನರ್ ಮಾತ್ರ ತನ್ನ ಪಾಡಿಗೆ ತಾನು ಪಕ್ಕದಲ್ಲಿ ಕುಳಿತು, ಕಹಿಯನ್ನು ಒಗರಿನ ಅಂಚಿಗೆ ತಂದು ನಿಲ್ಲಿಸಿತು. ನಾನು ಸಪ್ಪೆ ಎಂದು ಬೈದ ಗುಣವೇ ಇಲ್ಲಿ ಕೆಲಸಕ್ಕೆ ಬಂದಿತ್ತು. 1659ರಲ್ಲಿ ಕಾಸ್ಟೆಲ್ ಎಂಬ ಊರಿನಲ್ಲಿ ಈ ಬಳ್ಳಿ ನೆಟ್ಟಂದಿನಿಂದ ಫ್ರಾಂಕನ್ ಜನ ಅದನ್ನು ಬಿಟ್ಟುಕೊಡದಿರುವುದಕ್ಕೆ ಕಾರಣ ಬಾಯಿಗೇ ತಿಳಿಯಿತು.

ಎರಡನೆಯ ಸಂಜೆ ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು. ಇದರಲ್ಲಿ ಚರ್ಚೆಯೇ ಇಲ್ಲ, ರೀಸ್ಲಿಂಗ್. ನಿಂಬೆಹಣ್ಣನ್ನು ಹಿಂಡುವುದೇ ಬೇಡವಾಯಿತು.

ಮೂರನೆಯ ಸಂಜೆ ಹಟಕ್ಕೆ ಬಿದ್ದು ಚಿತ್ರಾನ್ನ ಮಾಡಿದೆ. ನಿಂಬೆರಸ, ಕಡಲೆಬೀಜ, ನಾಲ್ಕು ಹಸಿಮೆಣಸಿನಕಾಯಿ. ಎರಡೂ ಸೋತವು. ಮದ್ಯಸಾರ ಖಾರವನ್ನು ಕೆದಕುತ್ತದೆ, ತಣಿಸಲು ಸಿಹಿಯೂ ಇಲ್ಲ. ಶೇಕಡಾ 12.5ರ ಸಿಲ್ವಾನರ್ ನಾಲಿಗೆಯನ್ನು ಉರಿಸಿತು, ಶೇಕಡಾ 11.5ರ ರೀಸ್ಲಿಂಗ್ ಅಷ್ಟು ಉರಿಸದಿದ್ದರೂ ನಿಂಬೆಯ ಮೇಲೆ ನಿಂಬೆ ಹಿಂಡಿದ ಹಾಗಾಗಿ ಹಲ್ಲು ಜುಮ್ಮೆಂದಿತು. ಕೊನೆಗೆ ನೆರೆಮನೆಯಾಕೆ ಹಿಂದೊಮ್ಮೆ ಕೊಟ್ಟಿದ್ದ ‘ಫೈನ್‌ಹೆರ್ಬ್’ ರೀಸ್ಲಿಂಗ್ ತೆರೆದೆ. ಕಾನೂನಿನಲ್ಲಿ ಇಂತಿಷ್ಟೇ ಸಕ್ಕರೆ ಎಂಬ ಮಿತಿಯಿಲ್ಲದ ಪದವಿದು, ಸಾಮಾನ್ಯವಾಗಿ ಟ್ರೋಕನ್‌ಗಿಂತ ತುಸು ಸಿಹಿ. ಚಿತ್ರಾನ್ನದ ಬಟ್ಟಲು ಅದರೊಂದಿಗೇ ಖಾಲಿಯಾಯಿತು. ಅಂದರೆ ಒಗ್ಗರಣೆ ಖಾರವಾಗಿದ್ದ ದಿನ ಟ್ರೋಕನ್ ಎರಡನ್ನೂ ನಾನು ಮುಟ್ಟುವುದಿಲ್ಲ.

ಶ್ಪಾರ್ಗೆಲ್ ಕೊಯ್ಲು ಜೂನ್ 24ರ ಸೇಂಟ್ ಜಾನ್ ಹಬ್ಬಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಮನೆಗೆ ಬರುವುದು ಸಿಲ್ವಾನರ್. ಆ ಚಪ್ಪಟೆ ಬಾಟಲಿ ಫ್ರಿಜ್ಜಿನ ಬಾಗಿಲಿನಲ್ಲಿ ಹಿಡಿಸುವುದಿಲ್ಲ, ಮೊಸರಿನ ಪಾತ್ರೆಯ ಪಕ್ಕ ಮಲಗಿಸುತ್ತೇನೆ. ಉರುಳುವುದಿಲ್ಲವಲ್ಲ.