ನೀರು ಬಿಟ್ಟ ಸೆಲ್ಲು, ಕಚ್ಚಿಕೊಂಡ ಟಾರ್ಚು: ಏಳು ವರ್ಷ ಬಳಸಿದ ಮೇಲೆ

ನಮ್ಮ ಕಡೆ ಟಾರ್ಚಿಗೇ ಬ್ಯಾಟ್ರಿ ಅನ್ನುತ್ತಾರೆ, ಒಳಗೆ ಹಾಕುವುದಕ್ಕೆ ಸೆಲ್ಲು. ಹಾಗಾಗಿ ‘ಬ್ಯಾಟ್ರಿ ಹಾಳಾಯ್ತು’ ಅಂದರೆ ಯಾವುದು ಎಂದು ಕೇಳಬೇಕಾಗುತ್ತದೆ. ನನ್ನ ವಿಷಯದಲ್ಲಿ ಎರಡೂ ಹಾಳಾಗಿದ್ದವು. ಸೆಲ್ಲು ಪೂರ್ತಿ, ಟಾರ್ಚು ಅರ್ಧ.

2018ರಲ್ಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ 650 ರೂಪಾಯಿ ಕೊಟ್ಟು ತಂದದ್ದು. ಅಲ್ಯೂಮಿನಿಯಂ ಮೈ, ಬಾಲದಲ್ಲಿ ಬಟನ್ನು, ಒಂದರ ಹಿಂದೊಂದು ಕೂರುವ ಎರಡು ಪೆನ್ಸಿಲ್ ಸೆಲ್ಲು, ಅಂದರೆ ಎಎ ಅಳತೆಯವು. ಕಂಪನಿ ಹೆಸರು ಬೇಡ, ಇಂಥ ಕೊಳವೆ ಟಾರ್ಚು ಹತ್ತಾರು ಕಂಪನಿಗಳು ಮಾಡುತ್ತವೆ. ಬೆಳಕಿನ ಬಗ್ಗೆ ನನ್ನ ದೂರಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದಾಗ ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಕರೆಂಟಿಲ್ಲದ ರಾತ್ರಿಗಳನ್ನು ಇದರಲ್ಲೇ ಕಳೆದೆವು. ಕಣದ ಕಲ್ಲಿನ ಮೇಲೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಬಣ್ಣ ಹೋಗಿದೆ, ಗಾಜು ಒಡೆದಿಲ್ಲ.

ಕೆಟ್ಟಿದ್ದು ಬಳಸದೆ ಬಿಟ್ಟಾಗ. 2023ರಲ್ಲಿ ರೊಬಸ್ಟಾ ಕೊಯ್ಲು ಮುಗಿದ ಮೇಲೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಹಾಕಿ ಮರೆತೆ. ಜೂನ್‌ನಲ್ಲಿ ಮಳೆ ಹಿಡಿದು, ರಾತ್ರಿ ದಾರಿಗೆ ಅಡ್ಡ ಬಿದ್ದ ಸಿಲ್ವರ್ ಮರ ನೋಡಲು ತೆಗೆದರೆ ಬಟನ್ನು ಒತ್ತಿಯೇ ಇತ್ತು, ಬೆಳಕಿಲ್ಲ. ಮುಚ್ಚಳ ತಿರುಗಿಸಿದರೆ ಸುಣ್ಣದಂಥ ಬಿಳಿ ಪುಡಿ ಉದುರಿತು. ಸೆಲ್ಲು ಅಲ್ಲಾಡಲಿಲ್ಲ.

ವಿಚಾರಿಸಿದಾಗ ಮಗ ಒಪ್ಪಿಕೊಂಡ. ಗೋಡೆ ಗಡಿಯಾರಕ್ಕೆಂದು ಟಾರ್ಚಿನಿಂದ ಒಂದು ಒಳ್ಳೆಯ ಸೆಲ್ಲು ತೆಗೆದು, ಗಡಿಯಾರದ ಮುದಿ ಸೆಲ್ಲನ್ನು ಇಲ್ಲಿಗೆ ತುರುಕಿದ್ದನಂತೆ. ಅಲ್ಲಿಗೆ ಕಥೆ ಗೊತ್ತಾಯಿತು. ಜೀಪಿನ ಕುಲುಕಾಟಕ್ಕೆ ಬಟನ್ನು ಒತ್ತಿಕೊಂಡಿದೆ. ಮುದಿಯದು ಬೇಗ ಖಾಲಿಯಾದರೂ ಬಲವಾದದ್ದು ಅದರ ಮೂಲಕವೇ ಕರೆಂಟು ದೂಡುತ್ತಿರುತ್ತದೆ. ಖಾಲಿಯಾದದ್ದು ಉಲ್ಟಾ ಚಾರ್ಜಾಗಿ ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಒತ್ತಡಕ್ಕೆ ಸೀಲು ಬಿಡುತ್ತದೆ. ಆಲ್ಕಲೈನ್ ಸೆಲ್ಲಿನೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಬಲವಾದ ಕ್ಷಾರ. ಹೊರಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬಿಳಿ ಪುಡಿಯಾಗುತ್ತದೆ. ಸಾಲದ್ದಕ್ಕೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಕೊಳವೆಯ ಗೋಡೆಯನ್ನು ಕೊರೆದು, ಆ ಮಡ್ಡಿಯಲ್ಲೇ ಸೆಲ್ಲನ್ನು ಗಾರೆ ಹಾಕಿದಂತೆ ಕೂರಿಸಿಬಿಡುತ್ತದೆ.

ಮೊದಲು ನಾನು ಮಾಡಿದ್ದು ಪೆದ್ದು ಕೆಲಸ. ಸೆಲ್ಲಿನ ಚಪ್ಪಟೆ ತಳಕ್ಕೆ ಮರದ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದೆ. ಸ್ಕ್ರೂ ಕಿತ್ತು ಬಂತು, ಜೊತೆಗೆ ಬೂದು ಬಣ್ಣದ ಮಡ್ಡಿ. ಬೆರಳು ಸೋಪು ಹಚ್ಚಿದಂತೆ ಜಾರತೊಡಗಿತು. ಆ ಜಾರಿಕೆ ಅಂದರೆ ಕ್ಷಾರ ಚರ್ಮದ ಜಿಡ್ಡನ್ನೇ ಸೋಪು ಮಾಡುತ್ತಿದೆ ಎಂದರ್ಥ. ಸ್ವಲ್ಪ ಹೊತ್ತಿಗೆ ಉರಿ ಶುರು. ನಲ್ಲಿ ಕೆಳಗೆ ಕಾಲು ಗಂಟೆ ಕೈ ಹಿಡಿದೆ. ಕಣ್ಣಿಗೆ ಹಾರಿದ್ದರೆ? ಗ್ಲೌಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಮೂಡಿಗೆರೆಯ ಲೇತ್ ಅಂಗಡಿಯವರು ನೋಡಿ ನಕ್ಕರು. ‘ಡ್ರಿಲ್ ಹಾಕಿ ಪುಡಿ ಮಾಡಿ ಕೊಡ್ತೀನಿ ಸಾರ್, ಆದ್ರೆ ಅದ್ರ ಕಾಸಿಗೆ ಹೊಸಾದೇ ಬರುತ್ತಲ್ಲ’ ಎಂದರು. ಮಾತು ನಿಜ. ಆದರೂ ವಾಪಸ್ ತಂದೆ, ಹಟ.

ಕೆಲಸಕ್ಕೆ ಬಂದದ್ದು ಹುಳಿ. ಕ್ಷಾರಕ್ಕೆ ಹುಳಿಯೇ ಮದ್ದು. ವಿನೆಗರ್ ಇರಲಿಲ್ಲ, ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿಗೆ ಕದಡಿ, ಕೊಳವೆ ನೆಟ್ಟಗೆ ನಿಲ್ಲಿಸಿ ಹನಿ ಹನಿಯಾಗಿ ಬಿಟ್ಟೆ. ಬುರುಬುರು ನೊರೆ ಬಂತು. ನೊರೆ ಬರುವಾಗ ಮುಚ್ಚಳ ಹಾಕಬಾರದು, ಅನಿಲ ಹೊರಗೆ ಹೋಗಬೇಕು. ಅರ್ಧ ಗಂಟೆಗೊಮ್ಮೆ ಚೆಲ್ಲಿ ಹೊಸದು ಹಾಕುತ್ತ ಸಂಜೆಯಾಯಿತು. ಹಲಗೆಗೆ ತಟ್ಟಿದಾಗ ಮೇಲಿನ ಸೆಲ್ಲು ಜಾರಿ ಬಂತು. ಒಳಗಿನದು ಊದಿಕೊಂಡಿತ್ತು, ಬರಲಿಲ್ಲ. (ಅಜ್ಜನ ಕಾಲದ ಉದ್ದ ಬ್ಯಾಟ್ರಿಯ ಅಗ್ಗದ ಸೆಲ್ಲುಗಳು ಬೇರೆ ಜಾತಿ. ಅವು ಬಿಡುವ ನೀರು ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಬೇಕು. ಸೆಲ್ಲಿನ ಮೇಲೆ ಆಲ್ಕಲೈನ್ ಎಂದು ಬರೆದಿದೆಯೇ ನೋಡಿಕೊಳ್ಳಿ.)

ಊದಿದ್ದಕ್ಕೆ ಉಪಾಯ, ಮುಂದಿನಿಂದ ತಳ್ಳುವುದು. ಆದರೆ ಟಾರ್ಚಿನ ತಲೆಯನ್ನು ಕಂಪನಿಯವರು ಅಂಟು ಹಾಕಿ ಬಿಗಿದಿದ್ದರು. ಹಂಡೆಯ ಬಿಸಿನೀರಲ್ಲಿ ಕೊಂಚ ಹೊತ್ತು ಮುಳುಗಿಸಿದೆ. ಕುದಿಯುವ ನೀರಲ್ಲ, ಒಲೆಯ ಕೆಂಡವಂತೂ ಬೇಡವೇ ಬೇಡ, ಸೆಲ್ಲು ಸಿಡಿಯುತ್ತದೆ. ಬಿಸಿಗೆ ಅಂಟು ಮೆತ್ತಗಾಯಿತು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವುದರಿಂದ ಸೆಲ್ಲಿನ ಹಿಡಿತವೂ ಒಂದಿಷ್ಟು ಸಡಿಲವಾಗಿರಬೇಕು. ಎರಡೂ ಕಡೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿದಾಗ ತಲೆ ಕಳಚಿತು. ಸೆಲ್ಲಿನ ದಪ್ಪ ಸುಮಾರು 14.5 ಮಿಲಿಮೀಟರ್. ಅದಕ್ಕಿಂತ ಕೊಂಚ ಸಣ್ಣದೊಂದು ಒಣಗಿದ ಕಾಫಿ ಗಿಡದ ಕೋಲು ಕತ್ತರಿಸಿ ತಂದು, ಮುಂದಿನಿಂದ ಇಟ್ಟು ಮೆಲ್ಲಗೆ ಬಡಿದೆ. ಆರೇಳು ಏಟಿಗೆ ಸೆಲ್ಲು ಹಿಂದಿನಿಂದ ಹೊರಬಿತ್ತು. ಮಗ ಚಪ್ಪಾಳೆ ತಟ್ಟಿದ, ತಪ್ಪು ಅವನದೇ ಆದರೂ.

ಆಮೇಲೆ ಹಳೆ ಬ್ರಷ್ಷು, ನೀರು, ಎರಡು ದಿನ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು. ಸ್ಪ್ರಿಂಗು ಹಸಿರುಗಟ್ಟಿತ್ತು, ಜೀರೋ ಪೇಪರಿನಲ್ಲಿ, ಅಂದರೆ ನುಣುಪಾದ ಉಜ್ಜುಕಾಗದದಲ್ಲಿ, ತಿಕ್ಕಿದೆ. ಬಟನ್ನು ಒತ್ತಿದರೆ ಉರಿಯಿತು.

ಅಲ್ಲಿಂದೀಚೆಗೆ ಎರಡು ವರ್ಷ. ಹಿಂದಿನಂತಿಲ್ಲ. ಒಳಗೋಡೆಯಲ್ಲಿ ಕುಳಿ ಬಿದ್ದಿದೆ, ಆಗೀಗ ಬೆಳಕು ಮಿಣುಕುತ್ತದೆ, ಮುಚ್ಚಳ ಒಂದಿಷ್ಟು ಬಿಗಿ ಮಾಡಬೇಕು. ಈಗ ಹಾಕುವುದು 1.2 ವೋಲ್ಟಿನ ರೀಚಾರ್ಜ್ ಸೆಲ್ಲು. ಬೆಳಕಿನಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಂಡಿಲ್ಲ, ಇವು ನೀರು ಬಿಡುವುದೂ ಬಲು ಕಡಿಮೆ.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಒಂದು ಅಂಕ ಕಳೆದದ್ದು ತಲೆಗೆ ಹಾಕಿದ ಆ ಅಂಟಿಗೆ, ಅರ್ಧ ಕಳೆದದ್ದು ಕೊಳವೆ ಅಷ್ಟು ಬಿಗಿಯಾಗಿರುವುದಕ್ಕೆ. ಸೀಲು ಬಿಟ್ಟದ್ದಕ್ಕೆ ಟಾರ್ಚನ್ನು ದೂರುವಂತಿಲ್ಲ. ಹೊಸದು ಕೊಳ್ಳುವವರು ಅಂಗಡಿಯಲ್ಲೇ ಎರಡೂ ತುದಿ ತಿರುಗಿಸಿ ನೋಡಿ.

ಜೀಪಿನಲ್ಲಿ ಇಡುವಾಗ ಈಗ ಎರಡು ಸೆಲ್ಲಿನ ನಡುವೆ ಹಳೆ ಕ್ಯಾಲೆಂಡರಿನ ಒಂದು ತುಂಡು ಸಿಕ್ಕಿಸುತ್ತೇನೆ, ಬಟನ್ನು ಒತ್ತಿಕೊಂಡರೂ ಕರೆಂಟು ಹರಿಯಬಾರದೆಂದು. ಮೊನ್ನೆ ರಾತ್ರಿ ಗೇಟಿನ ಹತ್ತಿರ ನಾಯಿ ಒಂದೇ ಸಮ ಬೊಗಳಿತು. ಆನೆ ಇರಬಹುದೆಂದು ತೋಟದ ಲೆಕ್ಕ ನೋಡುವ ರೈಟ್ರು ಓಡಿ ಬಂದರು, ನಾನು ಜೀಪಿನಿಂದ ಟಾರ್ಚು ತೆಗೆದು ಒತ್ತಿದೆ. ಕತ್ತಲೆ. ‘ಸೆಲ್ಲು ಮತ್ತೆ ನೀರು ಬಿಡ್ತಾ ಸಾರ್?’ ಎಂದರು ರೈಟ್ರು. ಕಾಗದ ತೆಗೆಯುವುದು ಮರೆತಿದ್ದೆ.