ಆರು ದಿನದ ಸಿಂಗಪುರ ಅಧ್ಯಯನ ಪ್ರವಾಸ: ಮಗಳನ್ನು ಕಳುಹಿಸಿದ ತಾಯಿಯ ಅನಿಸಿಕೆ

ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರುವ ಮಗಳನ್ನು ಈ ವರ್ಷ ಸಿಂಗಪುರದ ಅಧ್ಯಯನ ಪ್ರವಾಸಕ್ಕೆ ಕಳುಹಿಸಿದ್ದೆ. ಏರ್ಪಾಡು ಒಂದು ಪ್ರವಾಸ ಸಂಸ್ಥೆಯದು. ಎರಡು ಕಂತಿನಲ್ಲಿ 92,000 ರೂಪಾಯಿ ಕಟ್ಟಿದೆ. ಚಿತ್ರದುರ್ಗದ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನಗೆ ಅದು ಸಣ್ಣ ಮೊತ್ತವಲ್ಲ. ಮಕ್ಕಳನ್ನು ಕಳುಹಿಸಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ದೂರು ಮೊದಲು ಹೇಳಿಬಿಡುತ್ತೇನೆ. ಆರು ದಿನದಲ್ಲಿ ಹೋಗಿ ಬರುವುದಕ್ಕೇ ಎರಡು ದಿನ ಕಳೆಯಿತು, ಒಂದೂವರೆ ದಿನ ಅಂಗಡಿ ಸುತ್ತಾಟ. ವೇಳಾಪಟ್ಟಿಯಲ್ಲಿ ಅಚ್ಚಾಗಿದ್ದ ವಿಶ್ವವಿದ್ಯಾಲಯದ ಪ್ರಯೋಗಾಲಯದ ಭೇಟಿ ನಡೆಯಲೇ ಇಲ್ಲ. ಕೇಳಿದರೆ, “ಅನುಮತಿ ಸಿಗಲಿಲ್ಲ ಮೇಡಂ” ಎಂದರು. ಅದರ ಹಣದ ಮಾತೇ ಎತ್ತಲಿಲ್ಲ. ಇದು ಸರಿಯಲ್ಲ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಕೊರತೆ ಕಾಣಲಿಲ್ಲ. ಇಬ್ಬರು ಅಧ್ಯಾಪಕಿಯರು ಜೊತೆಗಿದ್ದರು, ರಾತ್ರಿ ತಪ್ಪದೆ ಫೋನ್ ಬರುತ್ತಿತ್ತು. ಮಧ್ಯಾಹ್ನ ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರಿ ಊಟ. ಬೆಳಿಗ್ಗೆ ಬ್ರೆಡ್ ಒಗ್ಗದೆ, ನಾನು ಕಟ್ಟಿಕೊಟ್ಟಿದ್ದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದಳಂತೆ.

ಮೂರನೆಯ ದಿನ ಮರೀನಾ ಬ್ಯಾರೇಜ್‌ನಲ್ಲಿ ಅರ್ಧ ದಿನ ಇದ್ದರು. ಕೊಟ್ಟ ಹಣ ಸಾರ್ಥಕವಾಗಿದ್ದು ಅಲ್ಲಿ. 2008ರಲ್ಲಿ ತೆರೆದ ಈ ಒಡ್ಡು, ನಗರದ ನಡುವೆಯೇ ಸಿಹಿನೀರಿನ ಜಲಾಶಯ ಮಾಡಿ ಸಮುದ್ರದ ನೀರನ್ನು ಹೊರಗೆ ತಡೆಯುತ್ತದೆ. ಜೋರು ಮಳೆ ಬಂದಾಗ ಸಮುದ್ರ ಇಳಿದಿದ್ದರೆ ಒಂಬತ್ತು ಗೇಟುಗಳ ಮೂಲಕ ನೀರು ಹೊರಕ್ಕೆ, ಉಬ್ಬರವಿದ್ದರೆ ಪಂಪುಗಳಿಂದ. ಮಗಳು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದು ತಂದಿದ್ದಳು. ಗೇಟುಗಳಿಗೆ ಸಂಖ್ಯೆ, ನೀರು ಹರಿಯುವ ದಿಕ್ಕಿಗೆ ಬಾಣದ ಗುರುತು.

ಬಂದ ಮೊದಲ ವಾರ ಮನೆಯಲ್ಲಿ ಬರೀ ತಕರಾರು. ರಸ್ತೆಯ ದೂಳು, ಪಾದಚಾರಿ ಮಾರ್ಗವಿಲ್ಲ, ಎಲ್ಲೆಂದರಲ್ಲಿ ಕಸ. ನನಗೆ ನೋವಾಯಿತು. ಇದಕ್ಕಾಗಿಯೇ ಕಳುಹಿಸಿದೆನೇ ಎಂದೂ ಅನ್ನಿಸಿತು. ಭಾನುವಾರ ಅವಳೇ, “ಅಮ್ಮ, ಕೋಟೆಗೆ ಹೋಗೋಣ” ಎಂದಳು. ಚಿಕ್ಕಂದಿನಿಂದ ಎಷ್ಟೋ ಸಲ ಹತ್ತಿದ ಕೋಟೆ. 2022ರಲ್ಲಿ, 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಲೂ ಬರೀ ಫೋಟೋ ತೆಗೆದುಕೊಂಡು ಬಂದ ಹುಡುಗಿ ಅವಳು. ಆ ದಿನ ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಟ್‌ಬುಕ್ ತೆರೆದಳು. ಇದು ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆಯ ಇಳಿಜಾರಿನ ಮೇಲೆ ಅಂಗೈ ಇಟ್ಟು, ಹನಿ ಯಾವ ಕಡೆ ಜಾರುತ್ತದೆ ಎಂದು ಬಾಟಲಿಯ ನೀರು ಸುರಿದು ನೋಡಿದಳು. “ಅಮ್ಮ, ಅಲ್ಲಿ ನಮ್ಮೂರಿನ ನಾಲ್ಕು ಪಟ್ಟು ಮಳೆ ಬರುತ್ತದೆ. ಆದರೂ ಮಲೇಷ್ಯಾದಿಂದ ನೀರು ತರಿಸಿಕೊಳ್ಳುತ್ತಾರೆ. ಹಿಡಿದಿಡಲು ಅವರಿಗೆ ಜಾಗ ಸಾಲದು. ನಮ್ಮ ನಾಯಕರ ಕಾಲದವರು ಇಷ್ಟು ಕಡಿಮೆ ಮಳೆಯನ್ನು ಇಷ್ಟು ಜೋಪಾನ ಮಾಡಿದ್ದಾರೆ!”

ನಾನು ಶಾಲೆಯಲ್ಲಿ ಒನಕೆ ಓಬವ್ವನ ಕಥೆಯನ್ನು ವರ್ಷ ವರ್ಷವೂ ಹೇಳುತ್ತೇನೆ. ಹೊಂಡದಿಂದ ಹೊಂಡಕ್ಕೆ ಇಳಿಯುವ ಈ ನೀರಿನ ದಾರಿಯನ್ನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ಕೆಳಗಿಳಿದು ಸಂತೆ ಹೊಂಡಕ್ಕೆ ಬಂದೆವು. ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ವಾರವಿಡೀ ಕಸದ ಬಗ್ಗೆ ಗೊಣಗಿದವಳು ಇಲ್ಲಿ ಗೊಣಗಲಿಲ್ಲ. ಮನೆಯ ಹಿತ್ತಲಿನ ಬಾವಿಗೆ ಯಾರೋ ಕಸ ಸುರಿದಿದ್ದಾರೆ ಎಂಬಂತೆ ಕಣ್ಣು ಕೆಂಪಾಗಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ಹೊಂಡಗಳನ್ನೇ ಆರಿಸಿಕೊಂಡಿದ್ದಾಳೆ.

ಇನ್ನೆರಡು ವರ್ಷಕ್ಕೆ ಮಗನ ಸರದಿ. ಅವನನ್ನೂ ಕಳುಹಿಸುತ್ತೇನೆ. ಯಾವ ಭೇಟಿ ಖಚಿತ, ತಪ್ಪಿದರೆ ಎಷ್ಟು ಹಣ ವಾಪಸ್ ಎಂಬುದನ್ನು ಕಂತು ಕಟ್ಟುವ ಮೊದಲು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ; ನೀವೂ ಬರೆಸಿಕೊಳ್ಳಿ. ಹೊರಡುವ ಹಿಂದಿನ ಭಾನುವಾರ ಅಕ್ಕನೇ ಅವನನ್ನು ಗೋಪಾಲಸ್ವಾಮಿ ಹೊಂಡದಿಂದ ಸಂತೆ ಹೊಂಡದವರೆಗೆ ನಡೆಸಿಕೊಂಡು ಬರುತ್ತಾಳಂತೆ.